ಹಳೇ ಪಿಕಪ್ಪಿನ ಹಿಂದಿನ ಗಾಜು: ಒಂದು ರಬ್ಬರ್ ಬೀಡಿಂಗಿನ ಚರಿತ್ರೆ

ಗಾಡಿ ಹಾಳಾಗುವುದು ಇಂಜಿನ್ ಕೆಟ್ಟು ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಇಂಜಿನ್ನನ್ನಾದರೆ ಬಿಚ್ಚಿ ಮತ್ತೆ ಕೂರಿಸಬಹುದು. ಕ್ಯಾಬಿನ್ನಿನ ತಗಡು ತುಕ್ಕು ತಿಂದು ಉದುರತೊಡಗಿದರೆ ಗಾಡಿಗೆ ಗುಜರಿಯೇ ಗತಿ. ಆ ತುಕ್ಕು ಎಷ್ಟೋ ಸಲ ಶುರುವಾಗುವುದು ಡ್ರೈವರಿನ ಬೆನ್ನ ಹಿಂದಿನ ಗಾಜಿನ ಸುತ್ತ. ಅಲ್ಲಿ ಗಾಜನ್ನು ಹಿಡಿದುಕೊಂಡಿರುವುದು ಒಂದು ರಬ್ಬರ್ ಪಟ್ಟಿ. ನಮ್ಮ ಕಡೆ ಗ್ಯಾರೇಜಿನಲ್ಲಿ ಅದನ್ನು ಬೀಡಿಂಗ್ ಅನ್ನುತ್ತಾರೆ.

ಈ ಬೀಡಿಂಗಿನ ಚರಿತ್ರೆಯನ್ನು ಅಮೆರಿಕದ ಹಳೇ ಪಿಕಪ್ಪುಗಳ ಮೂಲಕ ನೋಡೋಣ. ಅಲ್ಲಿನ ರೈತರ ಹೊಲ-ಮನೆಗಳಲ್ಲಿ ದುಡಿದು ಸವೆದ ಗಾಡಿಗಳು ಅವು. ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಹಿಂದೆ ತೊಟ್ಟಿ ಕಟ್ಟಿ, 281 ಡಾಲರಿಗೆ ಪಿಕಪ್ ಎಂದು ಮಾರಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಷೆವರ್ಲೆ ಕಂಪನಿ ಗುಂಡಗಿನ ಕ್ಯಾಬಿನ್ನಿನ ಹೊಸ ಪಿಕಪ್ ತಂದಿತು. ಇಂದು ಹಳೇ ಗಾಡಿ ಪ್ರಿಯರು ಹುಡುಕಿ ಹುಡುಕಿ ರಿಪೇರಿ ಮಾಡುವ ಗಾಡಿಗಳಲ್ಲಿ ಇದೂ ಒಂದು.

ಆ ಗಾಡಿಯ ತಗಡು, ಗಾಜು ಎಪ್ಪತ್ತು ವರ್ಷ ಉಳಿದಿವೆ. ರಬ್ಬರು ಮಾತ್ರ ಉಳಿದಿಲ್ಲ. ಯಾಕೆ?

ಅದಕ್ಕೆ ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬೇಕು. ಮರದಿಂದ ಬಂದ ಹಸಿ ರಬ್ಬರು ಬೇಸಿಗೆಯಲ್ಲಿ ಅಂಟಂಟಾಗಿ, ಚಳಿಯಲ್ಲಿ ಗಟ್ಟಿಯಾಗಿ ಉಪಯೋಗಕ್ಕೆ ಬಾರದಾಗುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಆ ತೊಂದರೆ ತಪ್ಪುತ್ತದೆ ಎಂದು ಕಂಡುಕೊಂಡ. 1844ರಲ್ಲಿ ಪೇಟೆಂಟ್ ಸಿಕ್ಕಿತು. ಆದರೂ ದುಡ್ಡು ಕೈಗೆ ಹತ್ತಲಿಲ್ಲ. 1860ರಲ್ಲಿ ಸಾಯುವಾಗ ಅವನ ತಲೆ ಮೇಲೆ ದೊಡ್ಡ ಸಾಲವಿತ್ತು. ಅವನ ಹೆಸರಿನ ಟೈರ್ ಕಂಪನಿ ಹುಟ್ಟಿದ್ದು 1898ರಲ್ಲಿ. ಅದನ್ನು ಕಟ್ಟಿದವರು ಬೇರೆಯವರು.

ಮರದ ಕಥೆ ಬೇರೆ. ರಬ್ಬರ್ ಮರದ ತವರು ಬ್ರೆಜಿಲಿನ ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಅಲ್ಲಿಂದ ಸುಮಾರು 70,000 ಬೀಜವನ್ನು ಲಂಡನ್ನಿನ ಕ್ಯೂ ಸಸ್ಯತೋಟಕ್ಕೆ ಸಾಗಿಸಿದ. ಮೊಳೆತದ್ದು ಕೆಲವೇ ಸಾವಿರ. ಆ ಸಸಿಗಳು ಸಿಲೋನಿಗೆ, ಮಲಯಕ್ಕೆ ಹೋದವು. ಏಷ್ಯಾದ ತೋಟಗಳ ಬಹುಪಾಲು ಮರಗಳು ಅವುಗಳ ವಂಶದವೇ. ನಮ್ಮ ಸುಳ್ಯ, ಪುತ್ತೂರಿನ ಕಡೆ ಬೆಳಗಿನ ಜಾವ ಎದ್ದು ಟ್ಯಾಪಿಂಗ್ ಮಾಡುವವರಿಗೆ ಆ ಮರ ಹೊಸದಲ್ಲ.

ಹೀಗೆ ಇಡೀ ಲೋಕದ ರಬ್ಬರು ಒಂದೇ ದಿಕ್ಕಿನಿಂದ ಬರುವಂತಾಯಿತು. 1942ರ ಆರಂಭದಲ್ಲಿ ಜಪಾನ್ ಮಲಯ ಮತ್ತು ಇಂಡೋನೇಷ್ಯಾವನ್ನು ಹಿಡಿದಾಗ ಅಮೆರಿಕಕ್ಕೆ ಬರುತ್ತಿದ್ದ ರಬ್ಬರು ಹೆಚ್ಚುಕಡಿಮೆ ನಿಂತೇ ಹೋಯಿತು. ಟೈರಿಗೆ ರೇಷನ್ ಬಂತು. ಟೈರ್ ಸವೆಯಬಾರದೆಂದು ಗಂಟೆಗೆ 35 ಮೈಲಿಗಿಂತ ಜೋರಾಗಿ ಓಡಿಸಬಾರದೆಂಬ ನಿಯಮ ಬಂತು. ಪೌಂಡಿಗೆ ಒಂದು ಸೆಂಟಿನಂತೆ ಜನರಿಂದ ಹಳೇ ರಬ್ಬರನ್ನು ಪೆಟ್ರೋಲ್ ಬಂಕುಗಳಲ್ಲಿ ಕೊಂಡರು. ಆ ವರ್ಷಗಳಲ್ಲೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕೃತಕ ರಬ್ಬರಿನ ಕಾರ್ಖಾನೆಗಳು ಎದ್ದವು.

ಆದರೆ ಮರದ ರಬ್ಬರಿಗೂ ಆ ಕಾಲದ ಕೃತಕ ರಬ್ಬರಿಗೂ ಒಂದೇ ಶತ್ರು. ಗಾಳಿಯಲ್ಲಿ ಸ್ವಲ್ಪವೇ ಇರುವ ಓಝೋನ್ ಅದು. ರಬ್ಬರು ಎಲ್ಲಿ ಬಗ್ಗಿ ಬಿಗಿದಿರುತ್ತದೋ ಅಲ್ಲಿಯೇ ಓಝೋನ್ ಮೊದಲು ಬಿರುಕು ಬಿಡಿಸುತ್ತದೆ. ಗಾಜಿನ ಬೀಡಿಂಗು ಬಗ್ಗುವುದು ಮೂಲೆಗಳಲ್ಲಿ. ಜೊತೆಗೆ ಬಿಸಿಲು. ಕೆಲವು ವರ್ಷಕ್ಕೆ ರಬ್ಬರು ಗಟ್ಟಿಯಾಗಿ, ಕುಗ್ಗಿ, ಮೂಲೆಯಲ್ಲಿ ಸೀಳುತ್ತದೆ. ಮಳೆನೀರು ಅಲ್ಲಿ ಇಳಿದು ತಗಡಿನ ಅಂಚಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಸೀಟಿನ ಹಿಂದಕ್ಕೆ, ನೆಲದ ತಗಡಿಗೆ. ಆ ಷೆವರ್ಲೆ ಪಿಕಪ್ಪುಗಳಲ್ಲಿ 1949ರಿಂದ ಪೆಟ್ರೋಲ್ ಟ್ಯಾಂಕ್ ಇದ್ದದ್ದೂ ಕ್ಯಾಬಿನ್ನಿನೊಳಗೆ, ಸೀಟಿನ ಹಿಂದೆಯೇ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ತುಕ್ಕು ತಿನ್ನುತ್ತಿರುತ್ತದೆ.

ಇದಕ್ಕೆ ಪರಿಹಾರ ಬಂದದ್ದು 1960ರ ದಶಕದಲ್ಲಿ. ಇಪಿಡಿಎಂ ಎಂಬ ಹೊಸ ಕೃತಕ ರಬ್ಬರು ಮಾರುಕಟ್ಟೆಗೆ ಬಂತು. ಓಝೋನಿಗೂ ಬಿಸಿಲಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಹಳೇ ಪಿಕಪ್ಪಿಗೆ ಇಂದು ಹೊಸ ಬೀಡಿಂಗ್ ಹಾಕುವವರು ಹೆಚ್ಚಾಗಿ ಇದನ್ನೇ ಹಾಕುತ್ತಾರೆ.

ರಬ್ಬರು ಬದಲಾಯಿತು, ಕೂರಿಸುವ ರೀತಿ ಬದಲಾಗಲಿಲ್ಲ. ಬೀಡಿಂಗಿಗೆ ಎರಡು ಗಾಡಿ (ಸೀಳು) ಇರುತ್ತವೆ. ಒಂದು ಗಾಜಿಗೆ, ಇನ್ನೊಂದು ಕ್ಯಾಬಿನ್ನಿನ ತಗಡಿನ ಅಂಚಿಗೆ. ಮೊದಲು ಹಳೇ ರಬ್ಬರನ್ನು ಚಾಕುವಿನಿಂದ ಕುಯ್ದು ಗಾಜು ತೆಗೆಯುತ್ತಾರೆ. ತಗಡಿನ ಅಂಚನ್ನು ಉಜ್ಜಿ, ತುಕ್ಕು ತೆಗೆದು ಪ್ರೈಮರ್ ಬಳಿಯುತ್ತಾರೆ. ಈ ಕೆಲಸ ಬಿಟ್ಟರೆ ಹೊಸ ರಬ್ಬರು ಹಾಕಿಯೂ ದಂಡ. ಆಮೇಲೆ ಗಾಜಿಗೆ ಬೀಡಿಂಗ್ ಸುತ್ತಿ, ತಗಡಿನ ಕಡೆಯ ಸೀಳಿನಲ್ಲಿ ಸುತ್ತಲೂ ಹಗ್ಗ ಕೂರಿಸಿ, ಅದರ ಎರಡೂ ತುದಿಯನ್ನು ಕೆಳಗೆ ನಡುವೆ ಇಳಿಬಿಡುತ್ತಾರೆ. ಸೋಪಿನ ನೀರು ಸವರುತ್ತಾರೆ. ಹೊರಗಿನಿಂದ ಒಬ್ಬರು ಗಾಜನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು. ಒಳಗಿನಿಂದ ಇನ್ನೊಬ್ಬರು ಹಗ್ಗವನ್ನು ನಿಧಾನ ಎಳೆಯಬೇಕು. ಹಗ್ಗ ಹೊರಬರುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚಿನ ಮೇಲೆ ಮಗುಚಿಕೊಂಡು ಕೂರುತ್ತದೆ. ನಮ್ಮಲ್ಲಿ ಬೀಡಿಂಗ್ ಇರುವ ಬಸ್ಸು, ಲಾರಿಗಳಿಗೆ ಗಾಜು ಕೂರಿಸುವವರು ಮಾಡುವುದೂ ಇದನ್ನೇ.

ಈಚಿನ ಗಾಡಿಗಳಲ್ಲಿ ಗಾಜನ್ನು ತಗಡಿಗೇ ಅಂಟಿಸಿರುತ್ತಾರೆ. ಅಪಘಾತದಲ್ಲಿ ಗಾಜು ಸುಲಭಕ್ಕೆ ಕಳಚಿ ಹೋಗುವುದಿಲ್ಲ, ಆ ಲಾಭ ನಿಜ. ಆದರೆ ಅದನ್ನು ಬಿಚ್ಚಲು ಬೇರೆ ಸಾಧನ ಬೇಕು, ಕೂರಿಸಲು ಬೇರೆ ಅಂಟು ಬೇಕು, ಕಲಿತ ಕೈ ಬೇಕು. ಹಗ್ಗ, ಸೋಪು, ಇಬ್ಬರು ಮನುಷ್ಯರು ಇದ್ದರೆ ಮನೆಯಂಗಳದಲ್ಲೇ ಮುಗಿಯುತ್ತಿದ್ದ ಕೆಲಸ ಅಂಗಡಿಗೆ ಹೋಯಿತು. ಹಳೇ ಪಿಕಪ್ಪು ಇಷ್ಟು ವರ್ಷ ಬದುಕಿದ್ದು ಗಟ್ಟಿ ತಗಡಿನಿಂದ ಮಾತ್ರವಲ್ಲ, ಅದರ ಸವೆಯುವ ಭಾಗವನ್ನು ಯಜಮಾನನೇ ಬದಲಿಸಬಹುದಾಗಿತ್ತು ಎಂಬುದರಿಂದಲೂ ಹೌದು.

ನಿಮ್ಮ ಗಾಡಿಯಲ್ಲೂ ಗಾಜಿಗೆ ಬೀಡಿಂಗ್ ಇದ್ದರೆ ಮಳೆಗಾಲಕ್ಕೆ ಮುಂಚೆ ಕೆಳಗಿನ ಎರಡು ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ. ರಬ್ಬರು ಕಲ್ಲಿನಂತಾಗಿದ್ದರೆ, ಸೀಳಿದ್ದರೆ, ಬದಲಿಸುವ ಕಾಲ ಬಂದಿದೆ. ಬೀಡಿಂಗಿನ ಖರ್ಚು ಸಣ್ಣದು, ತಗಡಿನ ಖರ್ಚು ದೊಡ್ಡದು.