ಒಡಹುಟ್ಟಿದವನೋ, ಕೈಹಿಡಿದವನೋ?

ವೈಕಿಂಗರೆಂದರೆ ಹಡಗು, ಕೊಡಲಿ, ಲೂಟಿ ಎಂದೇ ನಾವು ತಿಳಿದಿರುವುದು. ಆದರೆ ಅವರ ಕಾಲವನ್ನು ಕುರಿತು ಐಸ್‌ಲೆಂಡಿನಲ್ಲಿ ಬರೆದಿಟ್ಟ ‘ಸಾಗಾ’ ಎಂಬ ಗದ್ಯಕಥೆಗಳಲ್ಲಿ ಸಮುದ್ರಕ್ಕಿಂತ ಮನೆ, ಜಗಲಿ, ದನದ ಕೊಟ್ಟಿಗೆಗಳೇ ಹೆಚ್ಚು. ಕಥೆ ನಡೆಯುವುದು 10ನೆಯ ಶತಮಾನದಲ್ಲಿ, ಬರೆದದ್ದು 13ನೆಯ ಶತಮಾನದಲ್ಲಿ. ಆದ್ದರಿಂದ ಇವನ್ನು ಇತಿಹಾಸವೆನ್ನುವುದಕ್ಕಿಂತ ಐತಿಹಾಸಿಕ ಕಾದಂಬರಿಯ ಪೂರ್ವಜರೆನ್ನುವುದು ಮೇಲು.

ಆ ನಾಡಿಗೆ ದೊರೆಯಿರಲಿಲ್ಲ. 930ರ ಸುಮಾರಿಗೆ ‘ಆಲ್‌ಥಿಂಗ್’ ಎಂಬ ಮಹಾಸಭೆ ಏರ್ಪಟ್ಟು ಕಾನೂನು, ತೀರ್ಪುಗಳೇನೋ ಬಂದವು. ತೀರ್ಪನ್ನು ಜಾರಿ ಮಾಡುವ ಹೊಣೆ ಮಾತ್ರ ಗೆದ್ದವನದೇ. ಹೀಗಾಗಿ ಮನುಷ್ಯನಿಗೆ ನೆಂಟರೇ ರಕ್ಷೆ. ಆ ನೆಂಟರೇ ಎರಡು ಪಾಲಾದರೆ? ಗೀಸ್ಲಿಯ ಸಾಗಾ ಹೇಳುವುದು ಇದನ್ನೇ.

ಗೀಸ್ಲಿ, ಅವನ ಅಣ್ಣ ಥೋರ್ಕೆಲ್, ಒಡಹುಟ್ಟಿದವಳು ಥೋರ್ಡಿಸ್ ನಾರ್ವೆಯಿಂದ ವಲಸೆ ಬಂದವರು. ಗೀಸ್ಲಿಯ ಹೆಂಡತಿ ಔದಳ ಸೋದರ ವೆಸ್ಟೀನ್. ಥೋರ್ಡಿಸಳ ಗಂಡ ಥೋರ್ಗ್ರಿಮ್. ನಾಲ್ವರು ಗಂಡಸರೂ ರಕ್ತ ಬೆರೆಸಿ ಸೋದರರಾಗಲು ಹೊರಟಾಗ, ವೆಸ್ಟೀನನ ಹೊಣೆ ತನಗೆ ಬೇಡವೆಂದು ಥೋರ್ಗ್ರಿಮ್ ಕೈ ಹಿಂತೆಗೆದ. ಮುಂದೊಂದು ದಿನ ಹೆಂಗಸರು ಹೊಲಿಗೆಗೆ ಕುಳಿತು ಆಡಿಕೊಂಡ ಮಾತು ಥೋರ್ಕೆಲನ ಕಿವಿಗೆ ಬಿತ್ತು: ಅವನ ಹೆಂಡತಿಗೆ ವೆಸ್ಟೀನನ ಮೇಲೆ ಮನಸ್ಸಂತೆ! ಕೆಲಕಾಲದಲ್ಲೇ, ಬಿರುಗಾಳಿಯ ಒಂದು ರಾತ್ರಿ, ಗೀಸ್ಲಿಯ ಮನೆಯಲ್ಲೇ ವೆಸ್ಟೀನ್ ಈಟಿಗೆ ಬಲಿಯಾದ. ಗಾಯದಿಂದ ಆಯುಧ ಕಿತ್ತವನೇ ಸೇಡು ತೀರಿಸಬೇಕೆಂಬುದು ಅಲ್ಲಿಯ ಕಟ್ಟಳೆ. ಗೀಸ್ಲಿ ಈಟಿಯನ್ನು ಕಿತ್ತ.

ಥೋರ್ಗ್ರಿಮನ ಮನೆಯಲ್ಲಿ ಔತಣ ಮುಗಿದ ರಾತ್ರಿ ಅವನು ಕೊಟ್ಟಿಗೆಯಿಂದ ಒಳಹೊಕ್ಕ. ಬೆನ್ನಟ್ಟುವವರಿಗೆ ತೊಡಕಾಗಲೆಂದು ದನಗಳ ಬಾಲಗಳನ್ನು ಒಂದಕ್ಕೊಂದು ಗಂಟುಹಾಕಿದ. ಥೋರ್ಡಿಸಳ ಪಕ್ಕದಲ್ಲಿ ಮಲಗಿದ್ದ ಭಾವನನ್ನು ಅದೇ ಈಟಿಯಿಂದ ಇರಿದ. ಹೆಂಡತಿಯ ತವರಿನ ಋಣ ತೀರಿಸಲು ತನ್ನ ಮನೆಯ ಹೆಣ್ಣುಮಗಳನ್ನು ವಿಧವೆ ಮಾಡಿದ. ಅವಳಾಗ ಗರ್ಭಿಣಿ.

ಕೊಂದವರಾರೆಂದು ತಿಳಿಯಲಿಲ್ಲ. ಥೋರ್ಡಿಸ್ ಸತ್ತವನ ಸೋದರ ಬೋರ್ಕನನ್ನು ಮದುವೆಯಾದಳು. ಒಮ್ಮೆ ಗೀಸ್ಲಿ ಒಗಟಿನಂಥ ಪದ್ಯವೊಂದನ್ನು ಹೇಳಿದ. ಅದರೊಳಗಿನ ತಪ್ಪೊಪ್ಪಿಗೆಯನ್ನು ಬಿಡಿಸಿಕೊಂಡ ಅವಳು ಅದನ್ನು ಗಂಡನಿಗೆ ತಿಳಿಸಿದಳು. ಸೋದರರಿಗಾಗಿ ಗಂಡನನ್ನೇ ಕೊಂದ ಪುರಾಣದ ಗುಡ್ರುನಳ ಗಟ್ಟಿತನ ಇವಳಿಗಿಲ್ಲವೆಂದು ಗೀಸ್ಲಿ ದೂರಿದ. ಈ ದೂರು ನನಗೇನೋ ಹಿಡಿಸುವುದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆಂದ ಮೇಲೆ ತವರಿನ ಗುಟ್ಟು ಕಾಯುವ ಭಾರವನ್ನೂ ಅವಳ ತಲೆಗೇ ಕಟ್ಟುವುದು ಯಾವ ನ್ಯಾಯ? ದ್ರೋಹವನ್ನು ಹುಡುಕುವುದಾದರೆ ಥೋರ್ಕೆಲನಲ್ಲಿ ಹುಡುಕಬೇಕು. ದೇಶಭ್ರಷ್ಟನಾಗಿ ಬಾಗಿಲಿಗೆ ಬಂದ ತಮ್ಮನಿಗೆ ಅವನು ಹಣ ಕೊಟ್ಟ, ಬಟ್ಟೆ ಕೊಟ್ಟ. ಸೂರಿನಡಿ ಒಂದು ರಾತ್ರಿಯ ಜಾಗ ಕೊಡಲಿಲ್ಲ.

ಗೀಸ್ಲಿ ವರ್ಷಗಟ್ಟಲೆ ತಲೆಮರೆಸಿಕೊಂಡ. ಅವನನ್ನು ಹಿಡಿದುಕೊಟ್ಟರೆ ಬೆಳ್ಳಿ ಕೊಡುವೆನೆಂದು ಬೋರ್ಕನ ಕಡೆಯ ಐಯೋಲ್ಫ್ ಔದಳ ಮುಂದೆ ಹಣ ಸುರಿದ. ಅವಳು ಅದನ್ನೆಲ್ಲ ಎಣಿಸಿ ಚೀಲಕ್ಕೆ ತುಂಬಿ, ಆ ಚೀಲವನ್ನೇ ಅವನ ಮೂಗಿಗೆ ಬೀಸಿದಳು. ಕೊನೆಯ ಕಾಳಗದಲ್ಲಿ ದೊಣ್ಣೆ ಹಿಡಿದು ಗಂಡನ ಪಕ್ಕ ನಿಂತವಳೂ ಅವಳೇ.

ಗೀಸ್ಲಿಯನ್ನು ಕೊಂದ ಐಯೋಲ್ಫ್ ಬೋರ್ಕನ ಮನೆಗೆ ಊಟಕ್ಕೆ ಬಂದ. ಬಡಿಸುತ್ತಿದ್ದ ಥೋರ್ಡಿಸ್ ಚಮಚಗಳನ್ನು ಕೆಳಕ್ಕೆ ಬೀಳಿಸಿದಳು. ಎತ್ತಿಕೊಳ್ಳಲು ಬಗ್ಗಿದವಳು ಅವನ ಕಾಲ ಬಳಿಯಿದ್ದ ಕತ್ತಿಯನ್ನು ಸೆಳೆದು ಮೇಜಿನ ಕೆಳಗಿನಿಂದಲೇ ತಿವಿದಳು. ಹಿಡಿ ಮೇಜಿಗೆ ತಗುಲಿದ್ದರಿಂದ ಗುರಿ ತಪ್ಪಿ ಪೆಟ್ಟು ತೊಡೆಗೆ ಬಿತ್ತು. ಅಲ್ಲಿಯೇ ಸಾಕ್ಷಿಗಳನ್ನು ಕರೆದು ಬೋರ್ಕನಿಂದ ತನಗೆ ಬಿಡುಗಡೆಯಾಯಿತೆಂದು ಸಾರಿದಳು. ಔದ್ ಡೆನ್ಮಾರ್ಕಿಗೆ ಹೋಗಿ ಕ್ರೈಸ್ತಳಾದಳು. ಅಲ್ಲಿಂದ ರೋಮಿಗೆ ಯಾತ್ರೆ ಹೊರಟವಳು ಹಿಂದಿರುಗಲಿಲ್ಲ.