ಹಾಡು ತೆಗೆದರೆ ಉಳಿಯೋದೇನು?

ಕಲಬುರಗಿಯಲ್ಲಿ ಅಫಜಲಪುರದ ಬಸ್ಸು ಹತ್ತಿ ಚೌಡಾಪುರದಲ್ಲಿ ಇಳಿಯೋದರೊಳಗೆ ಹೆಚ್ಚುಕಮ್ಮಿ ಒಂದು ಆಲ್ಬಮ್ ಮುಗೀತದ. ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವರ ಮಾತಿನ ನಡುವೆ ಮೊನ್ನೆ ನಾನು ಕೇಳಿದ್ದು ಇಂಗ್ಲೆಂಡಿನ ಟೆಸರ್ಯಾಕ್ಟ್ ತಂಡದ ‘ಆಲ್ಟರ್ಡ್ ಸ್ಟೇಟ್’. 2013ರ ಈ ಪ್ರೋಗ್ರೆಸಿವ್ ಮೆಟಲ್ ಆಲ್ಬಮ್ಮಿಗೆ ಗಾಯಕನ ದನಿ ತೆಗೆದ, ಬರೀ ವಾದ್ಯಗಳ ಆವೃತ್ತಿಯೂ ಇದೆ. ಪಕ್ಕದ ಗೆಳೆಯ ಒಂದು ಇಯರ್‌ಫೋನ್ ಕಿವಿಗಿಟ್ಟುಕೊಂಡವನೇ, “ಹಾಡಾಂವ ಎಲ್ಲಿ ಹೋದನೋ?” ಅಂದ.

ಹಾಡಾಂವ ಇಲ್ಲದ ಹಾಡು ನಮಗೇನು ಹೊಸದಲ್ಲ. ಮದುವೆಯಲ್ಲಿ ಸನಾದಿಯವರು ಸಿನಿಮಾ ಹಾಡು ಊದಿದರೆ ಮಾತನ್ನು ನಾವೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತೇವೆ. ಕದ್ರಿ ಗೋಪಾಲನಾಥರು (1949–2019) ಮಾಡಿದ್ದೂ ಇದನ್ನೇ, ಆದರೆ ಪರದೇಶದ ವಾದ್ಯದಲ್ಲಿ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೊಫೋನನ್ನು ನಾಗಸ್ವರದವರ ಈ ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮನಸೋತರು. ಗಮಕ ಬರಲೆಂದು ವಾದ್ಯವನ್ನೇ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅಲ್ಲಿ ಕೂತವರಲ್ಲಿ ಕೃತಿಯ ಸಾಹಿತ್ಯ ಎಷ್ಟು ಜನಕ್ಕೆ ಗೊತ್ತಿದ್ದೀತು? ಆದರೂ ಕೇಳಿದರು.

ನನ್ನ ಸ್ಥಿತಿ ಅವರದೇ. ಆಲ್ಟರ್ಡ್ ಸ್ಟೇಟಿನ ಇಂಗ್ಲಿಷು ನನಗೆ ಅರ್ಧಕ್ಕರ್ಧ ತಿಳಿಯೋದಿಲ್ಲ. ಇದನ್ನು ಯಾರ ಮುಂದೂ ಹೇಳಿರಲಿಲ್ಲ. ತಿಳಿದವರಂಗ ತಲೆ ಆಡಿಸ್ತಿದ್ದೆ.

ಈ ತಂಡದ ಚರಿತ್ರೆ ನೋಡ್ರಿ. 2011ರಲ್ಲಿ ಗಾಯಕ ಡೇನಿಯಲ್ ಟಾಂಪ್ಕಿನ್ಸ್ ಬಿಟ್ಟುಹೋದ. ಎಲಿಯಟ್ ಕೋಲ್ಮನ್ ಬಂದ, ಹೋದ. ಆಲ್ಟರ್ಡ್ ಸ್ಟೇಟಿಗೆ ಹಾಡಿದಾತ ಆ್ಯಶ್ ಒ’ಹಾರಾ. 2014ರಲ್ಲಿ ಮತ್ತೆ ಟಾಂಪ್ಕಿನ್ಸ್. ಗಿಟಾರು, ಬಾಸು, ಡ್ರಮ್ಮಿನವರು ಮಾತ್ರ ಅವರೇ. ಹಾಗಾಗಿ ದನಿ ತೆಗೆದ ಆವೃತ್ತಿಯಲ್ಲಿ ಈ ತಂಡದ ತಳಪಾಯವೇ ಕೇಳಿಸುತ್ತದೆ. ಪ್ರೋಗ್ರೆಸಿವ್ ಮೆಟಲ್ಲಿನ ಬೆಸ ಲೆಕ್ಕಗಳೂ ಪರಕೀಯವಲ್ಲ. ನಮ್ಮ ಖಂಡಚಾಪಿಗೆ ಐದು, ಮಿಶ್ರಚಾಪಿಗೆ ಏಳು. ‘ಕಲಾಬಿ-ಯೌ’ ಅನ್ನೋ ಭಾಗಕ್ಕಂತೂ ಮೂಲದಲ್ಲೇ ಮಾತಿಲ್ಲ. ಅಲ್ಲಿ ಕ್ರಿಸ್ ಬರೆಟ್ಟೊ ಊದಿದ ಸ್ಯಾಕ್ಸೊಫೋನ್ ಇದೆ. ಅದು ಬಂದಾಗ ಗೆಳೆಯ, “ಇದು ನಮ್ಮ ಕದ್ರಿಯವರ ವಾದ್ಯ ಅಲ್ಲೇನು?” ಅಂದ. ಹೌದೆಂದೆ.

ಆದರೆ ಉಳಿದ ಹಾಡುಗಳಲ್ಲಿ ಏನೋ ಕಡಿಮೆಯಾದಂತಿತ್ತು. ಮಾತೇ ತಿಳಿಯದವನಿಗೆ ಮಾತು ಹೋದರೆ ನಷ್ಟವೇನು? ಚೌಡಾಪುರದಲ್ಲಿ ಇಳಿದು, ಚಹಾ ಕುಡೀತಾ ಹಾಡಿರುವ ಆವೃತ್ತಿಯನ್ನೇ ಮತ್ತೆ ಹಚ್ಚಿದೆ. ಆಗ ತಿಳೀತು: ನಾನು ಕಳಕೊಂಡದ್ದು ಮಾತನ್ನಲ್ಲ, ಒ’ಹಾರಾನ ಉಸಿರನ್ನು. ಇಷ್ಟು ವರ್ಷ ಅವನ ದನಿಯನ್ನು ನಾನು ಸನಾದಿ ಕೇಳಿದಂತೆ ಕೇಳಿದ್ದೆ. ಇಂಗ್ಲಿಷು ಬರೋದಿಲ್ಲ ಅಂತ ನಾಚಿಕೊಳ್ಳೋದನ್ನು ಅವತ್ತೇ ಬಿಟ್ಟೆ.