ಬಾಗಿಲು, ಮೆಟ್ಟಿಲು, ಬುತ್ತಿ

ವಯಸ್ಸಾದ ಮೇಲೆ ಕಾಲೇಜಿಗೆ ಅರ್ಜಿ ಹಾಕಿದವರಿಗೆಲ್ಲ ಒಂದು ಪ್ರಶ್ನೆ ಗೊತ್ತು. ಓದು ನಿಲ್ಲಿಸಿದ್ದಕ್ಕೆ ಕಾರಣವೇನು? ನಾವೂ ಉತ್ತರ ಬರೆದಿದ್ದೇವೆ. ಅಪ್ಪ ತೀರಿಕೊಂಡ, ತಂಗಿಯ ಮದುವೆ, ಸಾಲ, ಕೂಲಿ. ಬರೆದದ್ದನ್ನ ಯಾರೂ ಓದೋದಿಲ್ಲ. ಮೇಜಿನ ಆಚೆ ಕೂತವನ ಬೆರಳು ಸೀದಾ ಅಂಕಪಟ್ಟಿಯ ಕೊನೇ ಸಾಲಿಗೆ ಹೋಗ್ತದೆ. 'ಇಷ್ಟು ಕಮ್ಮಿ ಇದೆಯಲ್ರೀ, ಈ ವಯಸ್ಸಲ್ಲಿ ಯಾಕೆ ಈ ಉಸಾಬರಿ?' ಅಂತಾನೆ. ಹದಿನಾರನೇ ವಯಸ್ಸಿನಲ್ಲಿ ಅರೆಹೊಟ್ಟೇಲಿ ಓದಿ ತೆಗೆದ ಅಂಕವೇ ಮೂವತ್ತನೇ ವಯಸ್ಸಿನಲ್ಲೂ ನಮ್ಮ ಹಣೆಬರಹ.

ಈ ಅಂಕ ಹಿಡಿದು ಬಾಗಿಲಲ್ಲಿ ನಿಂತವರು ಯಾರು? ಬಾಗಿಲು ತೆರೆದಾಗ ಏನಾಯಿತು? ಇದನ್ನ ತಿಳಿಯೋದಕ್ಕೆ ನಾವು ನ್ಯೂಯಾರ್ಕಿನ ಹಾರ್ಲೆಮ್ ಕಡೆ ನೋಡಬೇಕು. ಕಪ್ಪು ಜನರ ಕೇರಿ ಅದು. ಅದರ ಮಗ್ಗುಲಿನ ಗುಡ್ಡದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯ. ಅಲ್ಲಿಂದ ಇಪ್ಪತ್ತು ಚಿಲ್ಲರೆ ಬೀದಿ ಆಚೆ, ಇನ್ನೊಂದು ದಿಬ್ಬದ ಮೇಲೆ ಸಿಟಿ ಕಾಲೇಜು.

ಕೊಲಂಬಿಯಾ ನಮಗೆ ಪರಕೀಯವಲ್ಲ. 1913ರಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಹೋದದ್ದು ಅಲ್ಲಿಗೇ. 1907ರ ಮೆಟ್ರಿಕ್ಯುಲೇಷನ್ನಿನಲ್ಲಿ ಅವರಿಗೆ ಬಂದ ಅಂಕ 750ಕ್ಕೆ 282. ನೂರಕ್ಕೆ ಮೂವತ್ತೆಂಟೂ ಇಲ್ಲ. ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ಬುತ್ತಿ ಕಟ್ಟಿಕೊಟ್ಟರು. 1915ರಲ್ಲಿ ಎಂ.ಎ. ಆಯಿತು. ಮುಂದೆ ಲಂಡನ್ನಿಗೆ ಹೋದರು. 1917ರಲ್ಲಿ ಬುತ್ತಿ ಮುಗಿಯಿತು, ಓದು ಅರ್ಧಕ್ಕೆ ನಿಂತಿತು. ಮುಂಬೈಯಲ್ಲಿ ಪಾಠ ಹೇಳಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾರ ಸಾಲ, ಇಷ್ಟನ್ನ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟಾಗ ಅವರಿಗೆ ಇಪ್ಪತ್ತೊಂಬತ್ತು ವರ್ಷ, ಬೆನ್ನಿಗೆ ಸಂಸಾರ. 1923ರಲ್ಲಿ ಡಿ.ಎಸ್‌ಸಿ. ಬಂತು. ತಡವಾಗಿ ಬಂದವರು ಅಂತ ನಮ್ಮನ್ನ ಹೀಗಳೆಯುವವರಿಗೆ ಹೇಳೋಣ: ಬಾಬಾಸಾಹೇಬರೂ ನಿಂತು, ದುಡಿದು, ಮತ್ತೆ ಹೋದವರೇ.

ಅವರು ಕೊಲಂಬಿಯಾಕ್ಕೆ ಹೋದಾಗ ಸ್ಯಾಟ್ ಅನ್ನೋ ಪರೀಕ್ಷೆ ಇನ್ನೂ ಹುಟ್ಟಿರಲಿಲ್ಲ. ಅದು ಮೊದಲು ನಡೆದದ್ದು 1926ರಲ್ಲಿ. ಕಟ್ಟಿದವನು ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಮ್. ಇವನು 1923ರಲ್ಲಿ ಒಂದು ಪುಸ್ತಕ ಬರೆದಿದ್ದ. ಮೊದಲ ಮಹಾಯುದ್ಧದ ಸೈನಿಕರಿಗೆ ಕೊಟ್ಟ ಬುದ್ಧಿಪರೀಕ್ಷೆಯ ಅಂಕಗಳನ್ನ ಹರವಿಕೊಂಡು, ಉತ್ತರ ಯುರೋಪಿನ ಬಿಳಿಯರ ಬುದ್ಧಿ ಮೇಲು, ಕಪ್ಪು ಜನರ ಬುದ್ಧಿ ಕೀಳು ಅಂತ ಸಾರಿದ್ದ. ಆ ಸೈನಿಕರಲ್ಲಿ ಇಂಗ್ಲಿಷ್ ಬಾರದ ವಲಸೆಗಾರರಿದ್ದರು, ಸರಿಯಾಗಿ ಶಾಲೆಯ ಮುಖವನ್ನೇ ಕಾಣದ ಕಪ್ಪು ಹುಡುಗರಿದ್ದರು. ಮನುವಿನ ಮಾತನ್ನೇ ಅಂಕಿಯಲ್ಲಿ ಬರೆದ ಹಾಗೆ. 1930ರಲ್ಲಿ ಬ್ರಿಗಮ್ಮೇ ತನ್ನ ತೀರ್ಮಾನಕ್ಕೆ ಬುಡವಿಲ್ಲ ಅಂತ ಬರೆದು ಒಪ್ಪಿಕೊಂಡ. ಅವನು ಮಾತು ವಾಪಸ್ ತಗೊಂಡ, ಪರೀಕ್ಷೆ ಮಾತ್ರ ಬಾಗಿಲಲ್ಲೇ ಉಳಿಯಿತು.

ಎರಡನೇ ಮಹಾಯುದ್ಧ ಈ ಬಾಗಿಲನ್ನ ಒಂದು ಸಲ ಜೋರಾಗಿ ಒದೆಯಿತು. 1944ರ ಜಿ.ಐ. ಬಿಲ್ ಕಾಯಿದೆ, ಯುದ್ಧದಿಂದ ಮರಳಿದ ಸೈನಿಕನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಕಾಲೇಜು ಶುಲ್ಕ ಕೊಟ್ಟಿತು. ಒಂಟಿಯಾಗಿದ್ದರೆ ತಿಂಗಳಿಗೆ 50 ಡಾಲರ್, ಸಂಸಾರವಂದಿಗನಾದರೆ 75 ಡಾಲರ್ ಜೀವನಕ್ಕೂ ಕೊಟ್ಟಿತು. ಪಂಡಿತರು ಬೆಚ್ಚಿದರು. ವಿಶ್ವವಿದ್ಯಾಲಯಗಳು ಅಲೆಮಾರಿಗಳ ಬಿಡಾರ ಆಗ್ತವೆ ಅಂತ ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಬರೆದ. ಹಾರ್ವರ್ಡಿನ ಕೊನಂಟನಿಗೂ ಅದೇ ಅಂಜಿಕೆ. 1947ರ ಹೊತ್ತಿಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಈ ಮಾಜಿ ಸೈನಿಕರೇ. ಮೀಸೆ ಬಂದವರು, ಮಕ್ಕಳಾದವರು. ಅವರು ಎಳೆಯ ಹುಡುಗರಿಗಿಂತ ಚೆನ್ನಾಗಿ ಓದಿದರು. ಹಾರ್ವರ್ಡ್ ಕಂಡ ಅತ್ಯುತ್ತಮ ವಿದ್ಯಾರ್ಥಿಗಳು ಇವರು ಅಂತ ಕೊನಂಟನೇ ಆಮೇಲೆ ಒಪ್ಪಿದ.

ಆದರೆ ಕಪ್ಪು ಸೈನಿಕನ ಕಥೆ ಬೇರೆ. ಅವನೂ ಅದೇ ಯುದ್ಧಕ್ಕೆ ಹೋಗಿದ್ದ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ವಿಶ್ವವಿದ್ಯಾಲಯಗಳು ಅವನನ್ನ ಸೇರಿಸಲಿಲ್ಲ. ಕಪ್ಪು ಜನರ ಕಾಲೇಜುಗಳು ಚಿಕ್ಕವು, ಸಾವಿರಾರು ಜನರನ್ನ ಜಾಗವಿಲ್ಲ ಅಂತ ಕಳಿಸಿಬಿಟ್ಟವು. ಕೈಯಲ್ಲಿ ಬುತ್ತಿ ಇತ್ತು, ಬಾಗಿಲಿರಲಿಲ್ಲ.

ಕೊಲಂಬಿಯಾ 1947ರಲ್ಲಿ, ಸೈನಿಕರಿಗೆ ಮತ್ತು ತಡವಾಗಿ ಓದಲು ಬಂದವರಿಗೆ ಅಂತ ಸ್ಕೂಲ್ ಆಫ್ ಜನರಲ್ ಸ್ಟಡೀಸ್ ತೆರೆಯಿತು. ಒಳ್ಳೆಯದೇ. ಆದರೆ 1968ರವರೆಗೆ ಅಲ್ಲಿ ಓದಿದವರಿಗೆ ಬಿ.ಎ. ಪದವಿ ಇರಲಿಲ್ಲ, ಬಿ.ಎಸ್. ಅಂತ ಬೇರೆ ಪದವಿ. ಪಂಕ್ತಿಯಲ್ಲಿ ಕೂರಿಸಿ ಎಲೆ ಬೇರೆ ಹಾಕೋದು ಅಂದರೆ ಇದೇ. ಅದು ಹೇಗಿರ್ತದೆ ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಆಚೆ ದಿಬ್ಬಕ್ಕೆ ಬನ್ನಿ. ಸಿಟಿ ಕಾಲೇಜು 1847ರಲ್ಲಿ ಬಡವರ ಮಕ್ಕಳಿಗೆ ಅಂತಲೇ ಹುಟ್ಟಿದ ಕಾಲೇಜು. ಶುಲ್ಕವಿಲ್ಲ. ಆದರೆ ವರ್ಷ ಹೋದಂತೆ ಅಂಕದ ಗೋಡೆ ಎತ್ತರವಾಯಿತು. ಅಂಕ ಸಾಲದೆ ಸಂಜೆ ತರಗತಿಗೆ ಬಂದವರು ದುಡ್ಡು ಕಟ್ಟಿ ಓದಬೇಕಿತ್ತು. ಇದ್ದವನಿಗೆ ಉಚಿತ, ಇಲ್ಲದವನಿಗೆ ದಂಡ! ಹಾರ್ಲೆಮ್ಮಿನ ನಡುವೆ ನಿಂತ ಕಾಲೇಜಿನೊಳಗೆ ಹಾರ್ಲೆಮ್ಮಿನ ಮಕ್ಕಳೇ ವಿರಳ. 1965ರ ಹೊತ್ತಿಗೆ ಸೀಕ್ ಅನ್ನೋ ಯೋಜನೆಯಲ್ಲಿ ಒಂದಷ್ಟು ಜನರನ್ನ ಸೇರಿಸಿ ವಿಶೇಷ ಪಾಠ ಶುರು ಮಾಡಿದರು. ಆಡ್ರೆ ಲಾರ್ಡ್, ಜೂನ್ ಜೋರ್ಡನ್, ಏಡ್ರಿಯನ್ ರಿಚ್ ಅಂಥ ಕವಿಗಳು ಅಲ್ಲಿ ಪಾಠ ಮಾಡಿದರು.

ಅಷ್ಟು ಸಾಲದು ಅಂದರು ವಿದ್ಯಾರ್ಥಿಗಳು. 1969ರ ಏಪ್ರಿಲ್ 22ರಂದು ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ಸುಮಾರು ಇನ್ನೂರು ಜನ ಕಾಲೇಜಿನ ದಕ್ಷಿಣ ಭಾಗದ ಗೇಟು ಹಾಕಿಕೊಂಡು ಒಳಗೆ ಕೂತರು. ಎರಡು ವಾರ ಕದಲಲಿಲ್ಲ. ಆ ಜಾಗಕ್ಕೆ ಹಾರ್ಲೆಮ್ ವಿಶ್ವವಿದ್ಯಾಲಯ ಅಂತ ಹೆಸರಿಟ್ಟರು. ನಗರದ ಹೈಸ್ಕೂಲುಗಳಲ್ಲಿ ನಮ್ಮ ಪಾಲು ಎಷ್ಟಿದೆಯೋ ಕಾಲೇಜಿನಲ್ಲೂ ಅಷ್ಟಿರಬೇಕು ಅನ್ನೋದು ಅವರ ಐದು ಬೇಡಿಕೆಗಳಲ್ಲಿ ಒಂದು. ಆಡಳಿತ ಮಂಡಲಿ ಬಗ್ಗಿತು. 1970ರಿಂದ, ಹೈಸ್ಕೂಲು ಮುಗಿಸಿದ ನಗರದ ಪ್ರತಿಯೊಬ್ಬರಿಗೂ ಸಿಟಿ ಯೂನಿವರ್ಸಿಟಿಯ ಯಾವುದಾದರೊಂದು ಕಾಲೇಜಿನಲ್ಲಿ ಜಾಗ ಅಂತ ಆಯಿತು. ಆ ವರ್ಷ ಸೇರಿದವರು ಸುಮಾರು 35,000. ಹಿಂದಿನ ವರ್ಷಕ್ಕಿಂತ ಮುಕ್ಕಾಲು ಪಾಲು ಹೆಚ್ಚು.

ಮೆರಿಟ್ ಸತ್ತಿತು ಅಂತ ಪತ್ರಿಕೆಗಳು ಗೋಳಾಡಿದವು. ಆ ಗದ್ದಲದ ನಡುವೆ ಮಿನಾ ಶಾನೆಸ್ಸಿ ಅನ್ನೋ ಮೇಡಮ್ಮು ಹೊಸಬರು ಬರೆದ ಸುಮಾರು 4,000 ಪ್ರಬಂಧಗಳನ್ನ ಎದುರಿಗಿಟ್ಟುಕೊಂಡು ಓದಿದಳು. ತಪ್ಪುಗಳೇ ತುಂಬಿದ ಹಾಳೆಗಳು. 1977ರ ತನ್ನ ಪುಸ್ತಕದಲ್ಲಿ ಅವಳು ಹೇಳಿದ್ದಿಷ್ಟು: ಇವರು ದಡ್ಡರಲ್ಲ, ಕಲಿಯಲು ಹೊಸಬರು, ಅವರ ತಪ್ಪಿನಲ್ಲೂ ಒಂದು ತರ್ಕ ಇದೆ, ಅದನ್ನ ಹಿಡಿದರೆ ಕಲಿಸಬಹುದು. ಮೆಟ್ಟಿಲು ಅಂದರೆ ಇದು. ಬಾಗಿಲು ತೆರೆದು, ಹೊಸ್ತಿಲನ್ನ ಎದೆಯೆತ್ತರ ಇಟ್ಟು, 'ಬಾ, ಹತ್ತು' ಅಂದರೆ ಅದು ಉಪಕಾರವಲ್ಲ, ಹುನ್ನಾರ.

ಮೆಟ್ಟಿಲು ಕಟ್ಟಿ ಮುಗಿಯುವ ಮುಂಚೆಯೇ ಬುತ್ತಿಗೆ ಕೈ ಹಾಕಿದರು. 1975ರಲ್ಲಿ ನಗರದ ಖಜಾನೆ ದಿವಾಳಿಯ ಅಂಚಿಗೆ ಬಂದದ್ದು ನಿಜ. 1976ರಲ್ಲಿ ಶುಲ್ಕ ಬಂತು. 1930ರ ದಶಕದ ಮಹಾಕುಸಿತದಲ್ಲೂ ಹಗಲಿನ ವಿದ್ಯಾರ್ಥಿಗಳಿಂದ ಶುಲ್ಕ ಕೇಳದ ಕಾಲೇಜು, 129 ವರ್ಷ ಉಚಿತವಾಗಿದ್ದ ಕಾಲೇಜು, ಕಪ್ಪು ಮಕ್ಕಳು ಒಳಗೆ ಬಂದ ಆರೇ ವರ್ಷಕ್ಕೆ ಕೈ ಚಾಚಿತು. 1999ರಲ್ಲಿ ನಾಲ್ಕು ವರ್ಷದ ಕಾಲೇಜುಗಳಿಂದ ಪೂರಕ ಪಾಠಗಳನ್ನೂ ತೆಗೆಯಲು ತೀರ್ಮಾನಿಸಿದರು. ಮೊದಲು ಬುತ್ತಿ ಹೋಯಿತು, ಆಮೇಲೆ ಮೆಟ್ಟಿಲು.

ಹಾಗಾದರೆ ಆ ಮಕ್ಕಳು ಸೋತರೇ? ಪಾಲ್ ಅಟೆವೆಲ್, ಡೇವಿಡ್ ಲಾವಿನ್ ಅನ್ನೋ ಸಮಾಜಶಾಸ್ತ್ರಜ್ಞರು, 1970ರಿಂದ 72ರ ನಡುವೆ ಸೇರಿದ್ದ ಹೆಂಗಸರನ್ನ ಮೂವತ್ತು ವರ್ಷದ ಮೇಲೆ ಹುಡುಕಿ ಕೇಳಿದರು. ಅವರ ಪುಸ್ತಕ ಬಂದದ್ದು 2007ರಲ್ಲಿ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಯಾವುದಾದರೊಂದು ಪದವಿ ಮುಗಿಸಿದ್ದರು. ನಾಲ್ಕು ವರ್ಷದಲ್ಲಲ್ಲ. ಬಿಟ್ಟು, ದುಡಿದು, ಹೆತ್ತು, ಮತ್ತೆ ಬಂದು, ಎಷ್ಟೋ ಜನ ಹತ್ತು ವರ್ಷ ದಾಟಿದ ಮೇಲೆ. ಅವರ ಮಕ್ಕಳ ಓದಿಗೂ ಅದು ಬಲವಾಗಿತ್ತು. ನಾಲ್ಕನೇ ವರ್ಷಕ್ಕೇ ಲೆಕ್ಕ ಮುಚ್ಚಿದವರ ಪುಸ್ತಕದಲ್ಲಿ ಇವರೆಲ್ಲ ನಪಾಸು.

ಗೆಳೆಯರೇ, ಅಂಕಪಟ್ಟಿ ಒಂದು ದಿನದ ಹಸಿವನ್ನೂ ಅಳೆಯುತ್ತದೆ, ಅದನ್ನ ಬುದ್ಧಿ ಅಂತ ಕರೆಯುತ್ತದೆ. ನಾವು ತಡವಾಗಿ ಅರ್ಜಿ ಹಿಡಿದು ಹೋಗೋಣ, ನಾಚಿಕೆ ಬೇಡ. ಆದರೆ ಒಂದು ಸೀಟು ಸಿಕ್ಕಿತು ಅಂತ ಸುಮ್ಮನಾಗೋದು ಬೇಡ. ಬಾಗಿಲು ಕೇಳೋಣ, ಒಳಗೆ ಕಲಿಸುವ ಮೆಟ್ಟಿಲು ಕೇಳೋಣ, ಓದು ಮುಗಿಯುವವರೆಗೆ ಸಾಲುವ ಬುತ್ತಿ ಕೇಳೋಣ. ಮೂರರಲ್ಲಿ ಒಂದನ್ನ ಕೊಟ್ಟು ಎರಡನ್ನ ಬಚ್ಚಿಡುವವರ ಲೆಕ್ಕ ನಮಗೀಗ ಗೊತ್ತು. ಓದು ನಿಲ್ಲಿಸಿದ್ದಕ್ಕೆ ಕಾರಣವೇನು ಅಂತ ಅರ್ಜಿ ನಮ್ಮನ್ನ ಕೇಳ್ತದೆ. ನಿಲ್ಲಿಸಿದ್ದು ಯಾರು ಅಂತ ನಾವು ಕೇಳೋಣ.